ನೀಲಿ ದಾರದ ಬೀಗದ ಕೈ

ಫೆಬ್ರವರಿ ೩, ಸೋಮವಾರ

ಇಂದಿನಿಂದ ನನಗೆ ಓದಿಕೊಳ್ಳಲು ಸ್ವಂತ ಕೋಣೆಯೊಂದಿದೆ. ಈ ವಾಕ್ಯವನ್ನು ಇನ್ನೊಮ್ಮೆ ಬರೆಯುವ ಆಸೆಯಾಗುತ್ತಿದೆ. ಆದರೆ ಪುನರುಕ್ತಿ ದೋಷ.

ಕಾನೂನು ಪದವಿಯ ಅಂತಿಮ ಪರೀಕ್ಷೆಗೆ ಐದು ವಾರ ಉಳಿದಿದೆ. ನಾಲ್ಕು ವರ್ಷವೂ ತರಗತಿಗೆ ಮೊದಲಿಗಳಾಗಿ ಬಂದವಳು ಐದನೆಯ ವರ್ಷ ಜಾರಿದರೆ ಜನ ನೆನಪಿಡುವುದು ಆ ಜಾರಿದ್ದನ್ನೇ. ನಮ್ಮ ಮನೆಯಲ್ಲಿರುವುದು ಎರಡು ಕೋಣೆ. ಒಂದರಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಅಮ್ಮ ನಿದ್ದೆ ಮಾಡುತ್ತಿರುತ್ತಾಳೆ. ಇನ್ನೊಂದರಲ್ಲಿ ಒಂಬತ್ತು ವರ್ಷದ ತಂಗಿ ಗುಬ್ಬಿ ಕಟ್ಟಡಕ್ಕೆಲ್ಲ ಕೇಳುವಂತೆ ಮಗ್ಗಿ ಒದರುತ್ತಿರುತ್ತಾಳೆ. ಅಪ್ಪ ಲಾರಿಯೊಂದಿಗೆ ತಿಂಗಳಿಗೆ ಇಪ್ಪತ್ತು ದಿನ ಹೊರಗೆ, ಮನೆಯಲ್ಲಿದ್ದರೆ ರೇಡಿಯೋ. ಹೀಗಾಗಿ ಮೂರು ತಿಂಗಳಿಂದ ನಾನು ಮೆಟ್ಟಿಲ ಮೇಲೆ ಕುಳಿತು, ಹತ್ತುವವರಿಗೂ ಇಳಿಯುವವರಿಗೂ ಮೊಣಕಾಲು ಸರಿಸಿಕೊಡುತ್ತ, ಸಾಕ್ಷ್ಯ ಕಾಯಿದೆಯನ್ನು ಓದುತ್ತಿದ್ದೆ.

ಇಂದು ಬೆಳಿಗ್ಗೆ, ಮುರಿದ ಕುರ್ಚಿಗಳನ್ನು ತುಂಬಿ ವರ್ಷಗಟ್ಟಲೆ ಬೀಗ ಜಡಿದಿದ್ದ ಮೆಟ್ಟಿಲ ಕೆಳಗಿನ ಕೋಣೆ ತೆರೆದಿತ್ತು. ಕಸ ಗುಡಿಸಲಾಗಿತ್ತು. ಒಂದು ಮೇಜು, ಒಂದು ಕುರ್ಚಿ, ಹೊಸ ಬಲ್ಬು. ಮೇಜಿನ ಗಿಡ್ಡ ಕಾಲಿನ ಕೆಳಗೆ ಮಡಿಸಿದ ಚರ್ಮದ ತುಂಡು, ಒಂದಿಷ್ಟೂ ಅಲುಗುವುದಿಲ್ಲ. ಬಾಗಿಲಿನ ಬೀಗದಲ್ಲಿ ಬೀಗದ ಕೈ, ಅದಕ್ಕೆ ಕುತ್ತಿಗೆಗೆ ಹಾಕಿಕೊಳ್ಳುವಷ್ಟು ಉದ್ದದ ನೀಲಿ ದಾರ. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಇಷ್ಟು ಅಚ್ಚುಕಟ್ಟಿನವರೆಂದು ನನಗೆ ತಿಳಿದಿರಲಿಲ್ಲ. ಕಳೆದ ವಾರವಷ್ಟೇ ನನ್ನ ಅಂಕಗಳ ವಿಷಯವನ್ನು ಅವರಿಗೆ ಸವಿಸ್ತಾರವಾಗಿ ತಿಳಿಸಿದ್ದೆ.

ಎರಡು ಪುಟಗಳ ಕೃತಜ್ಞತಾ ಪತ್ರ ಬರೆದು ಕೊಟ್ಟೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿ, "ಇರಲಿ ಬಿಡಮ್ಮಾ. ಓದೋ ಮಕ್ಕಳಿಗೆ ಸಂಘ ಇಷ್ಟೂ ಮಾಡದಿದ್ರೆ ಹೇಗೆ?" ಎಂದರು.

ಇದು ಬೇರೆ ಯಾರಿಗಾದರೂ ದೊರೆತಿದ್ದರೆ ಉಪಕಾರವೆನ್ನಬಹುದಿತ್ತು. ನನ್ನ ವಿಷಯದಲ್ಲಿ ಅದು ಸಲ್ಲಬೇಕಾದದ್ದು ಸಂದದ್ದು, ಅಷ್ಟೇ.

ಫೆಬ್ರವರಿ ೬, ಗುರುವಾರ

ಗುಬ್ಬಿಯ ದಿಂಬಿನ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಹಿತ್ತಾಳೆಯ ಬೀಗ ಸಿಕ್ಕಿತು. ಆಟಿಕೆಯಲ್ಲ. ನಿಜವಾದ ಬೀಗ, ತಿರುಗಿಸಿದರೆ ಒಳಗೆ ಮೂರು ಸಣ್ಣ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಇಷ್ಟು ನವುರಾದ ಕೆಲಸವನ್ನು ನಾನು ನೋಡಿಲ್ಲ. ಅದಕ್ಕಾಗಿಯೇ ಸಂಶಯ ಬಂತು.

"ಎಲ್ಲಿಂದ ಬಂತು ಇದು?"

"ಸಿಕ್ತು."

"ಎಲ್ಲಿ ಸಿಕ್ತು ಅಂತ ಕೇಳ್ತಿದ್ದೀನಿ."

"ಅಕ್ಕಾ, ನೀನು ಕೋರ್ಟಿನ ಥರ ಕೇಳಿದ್ರೆ ನಂಗೆ ಮರೆತೇಹೋಗತ್ತೆ."

ಕೊನೆಗೆ ಬಾಯಿ ಬಿಟ್ಟವಳು ಅವಳ ಗೆಳತಿ, ಎದುರು ಮನೆಯ ಟೈಲರಕ್ಕನ ಮಗಳು. ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತಾರೆ; ಹೊಟ್ಟೆಯಲ್ಲಿ ಮಾತು ನಿಲ್ಲುವ ಜೀವವಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ, ಬೆಂಕಿ ಬಿದ್ದರೆ ಎರಚಲೆಂದು ಮರಳು ತುಂಬಿ ನೇತುಹಾಕಿದ ಕೆಂಪು ಬಕೆಟ್ಟಿದೆಯಲ್ಲ, ಅದರ ಮರಳಿನೊಳಗೆ ಹೂತಿಟ್ಟಿತ್ತಂತೆ. ಇವರೇಕೆ ಮರಳಿಗೆ ಕೈ ಹಾಕಿದರು ಎಂಬ ಪ್ರಶ್ನೆಗೆ, "ಬೆಂಕಿ ಬಿದ್ದಿದ್ಯಾ ಅಂತ ನೋಡೋಕೆ" ಎಂಬ ಉತ್ತರ ಬಂತು.

"ಇಟ್ಟವರು ಯಾರು?"

ಇಬ್ಬರೂ ಒಟ್ಟಿಗೆ ಮೇಲೆ ನೋಡಿದರು. "ಕಿರ್ರಜ್ಜ."

ಮೂರನೆಯ ಮಹಡಿಯ ಕೊನೆಯ ಮನೆಯಾತ. ಆತನ ಬಾಗಿಲು ತೆರೆದಾಗಲೆಲ್ಲ ಕಿರ್ರೆನ್ನುತ್ತದಾದ್ದರಿಂದ ಮಕ್ಕಳು ಇಟ್ಟ ಹೆಸರು. ಬೆಳಕು ಹರಿಯುವ ಮುನ್ನ ಹೊರಗೆ ಹೋಗಿ ಬರುತ್ತಾನಂತೆ; ನಾನು ಬುದ್ಧಿ ಬಂದಾಗಿನಿಂದ ಆತನ ಮುಖವನ್ನು ಸರಿಯಾಗಿ ನೋಡಿದ್ದಿಲ್ಲ. ಹಿಂದೆ ಬೀಗ ರಿಪೇರಿಯ ಅಂಗಡಿಯಿತ್ತೆಂದು ಕೇಳಿದ್ದೇನೆ. ಯಾರ ಜೊತೆಗೂ ಮಾತಾಡದ, ಯಾವ ಬೀಗವನ್ನಾದರೂ ತೆರೆಯಬಲ್ಲ ಒಬ್ಬ ಮನುಷ್ಯ ಮಕ್ಕಳಿಗೆ ಗುಟ್ಟಾಗಿ ಉಡುಗೊರೆ ಕೊಡುತ್ತಾನೆಂದರೆ ಅದರ ಉದ್ದೇಶವೇನು?

ವಶಪಡಿಸಿಕೊಂಡಿದ್ದೇನೆ. ಸಾಕ್ಷ್ಯ ಒಂದು: ಹಿತ್ತಾಳೆ ಬೀಗ, ಬೀಗದ ಕೈ ಸಹಿತ. ಬೀಗದ ಕೈಗೆ ನೀಲಿ ದಾರ ಕಟ್ಟಿದೆ. ದಾರಕ್ಕೆ ಸಾಕ್ಷ್ಯಮೌಲ್ಯವಿಲ್ಲ, ಅಂಥದ್ದು ಯಾರ ಮನೆಯಲ್ಲೂ ಇರುತ್ತದೆ.

ಗುಬ್ಬಿ ಈ ದಿನಚರಿಯನ್ನು ಕದ್ದು ಓದುವ ಸಂಭವವಿರುವುದರಿಂದ, ಇದನ್ನಿಡುವ ನನ್ನ ತಗಡಿನ ಪೆಟ್ಟಿಗೆಗೆ ಸದ್ಯಕ್ಕೆ ಸಾಕ್ಷ್ಯ ಒಂದನ್ನೇ ಬೀಗವಾಗಿ ಹಾಕಿದ್ದೇನೆ. ಬೀಗ ಗಟ್ಟಿಯಾಗಿದೆ ಎಂಬುದನ್ನು ಒಪ್ಪಲೇಬೇಕು.

ಫೆಬ್ರವರಿ ೯, ಭಾನುವಾರ

ಮಧ್ಯಾಹ್ನ ಓದುತ್ತಿದ್ದಾಗ ಮೇಲಿನಿಂದ ಸೀಟಿಯ ಸದ್ದು. ಹತ್ತಿ ಹೋಗಿ ನೋಡಿದರೆ ಇಬ್ಬರ ಬಾಯಲ್ಲೂ ಹಳೆಯ ಕಾಲದ ಟೊಳ್ಳು ಬೀಗದ ಕೈ. ಊದುವ ತುದಿಯನ್ನು ತುಟಿ ಕೊಯ್ಯದಂತೆ ಉಜ್ಜಿ ನುಣುಪು ಮಾಡಲಾಗಿದೆ. ಒಂದರ ದನಿ ತೆಳು, ಇನ್ನೊಂದರದು ದಪ್ಪ. ಎರಡನ್ನೂ ಕೂಡಿ ಊದಿದರೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಅದು ಆಕಸ್ಮಿಕವಾಗಿರಲಾರದು. ಸಾಕ್ಷ್ಯ ಎರಡು ಮತ್ತು ಮೂರು. ವಶಪಡಿಸಿಕೊಳ್ಳಲು ಹೋದಾಗ ಚಿನಕುರಳಿ ತನ್ನದನ್ನು ಬಾಯೊಳಗೇ ಇಟ್ಟುಕೊಂಡಳು.

"ಅವನನ್ನ ಯಾವತ್ತಾದ್ರೂ ನೋಡಿದ್ದೀರಾ?"

"ಕೈ ನೋಡಿದ್ದೀನಿ," ಎಂದಳು ಗುಬ್ಬಿ. "ಹಾಲಿನ ಪ್ಯಾಕೆಟ್ ಒಳಗೆ ತಗೊಂಡಿತು."

"ಕೈ ತಾನೇ ತಾನಾಗಿ ಬಂದು ತಗೊಂಡಿತಾ?"

"ಬಾಗಿಲು ಮೊದಲು ಕಿರ್ ಅನ್ನತ್ತೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಯಾರಾದ್ರೂ ಇದ್ರೆ ಓಡಿಹೋಗ್ಲಿ ಅಂತ ಟೈಮ್ ಕೊಡ್ತಾನೆ. ಆಮೇಲೆ ಕೈ."

ಬೀಗದ ಕೆಲಸದವನಿಗೆ ಬಾಗಿಲಿನ ಕೀಲುಗಳಿಗೆ ನಾಲ್ಕು ಹನಿ ಎಣ್ಣೆ ಬಿಡಲು ಬಾರದೇ? ಬರುತ್ತದೆ, ಬಿಡುತ್ತಿಲ್ಲ. ಏಕೆ? ಸಂಜೆ ತಿರುವಿನಲ್ಲಿ ನಿಂತು ಗಮನಿಸಿದೆ. ಆರೂವರೆಗೆ ಸರಿಯಾಗಿ ಒಂದು ಕಿರ್. ಎಂಟು ಎಣಿಸುವಷ್ಟರಲ್ಲಿ ಇನ್ನೊಂದು ಕಿರ್, ಮುಚ್ಚಿದ ಸದ್ದು. ನಡುವೆ ಏನಾಯಿತೆಂದು ಕಾಣಲಿಲ್ಲ. ನನ್ನನ್ನು ಕಂಡಿರಬೇಕು.

ಫೆಬ್ರವರಿ ೧೩, ಗುರುವಾರ

ಸಾಕ್ಷ್ಯ ನಾಲ್ಕು. ಅಂಗೈಯಗಲದ ಚೌಕ ಬೀಗ, ಮೇಲೆ ಗುಂಡಿಯಂತೆ ಒತ್ತುವ ನಾಲ್ಕು ಗುಬುಟು. ಬೀಗದ ಕೈ ಹಾಕಿ ತಿರುಗಿಸಿದರೆ ತೆರೆಯುವುದಿಲ್ಲ. ಏನೋ ಉಪಾಯವಿದೆ. ತಾರ್ಕಿಕವಾಗಿ ಯೋಚಿಸಿದರೆ ನಾಲ್ಕು ಗುಬುಟುಗಳಿಗೆ ಇಪ್ಪತ್ನಾಲ್ಕು ಕ್ರಮಗಳು ಸಾಧ್ಯ. ಪಟ್ಟಿ ಮಾಡಿ ಒಂದೊಂದನ್ನೇ ಪರೀಕ್ಷಿಸಿದೆ. ಮೂರು ಗಂಟೆ ಹೋಯಿತು. ಅಪರಾಧ ಸಂಹಿತೆಯ ಒಂದು ಅಧ್ಯಾಯ ಉಳಿಯಿತು.

ಗುಬ್ಬಿ ಬಂದು, "ಕೊಡು ಇಲ್ಲಿ" ಎಂದು ಕಿತ್ತುಕೊಂಡು, ನನಗೆ ಬೆನ್ನು ಹಾಕಿ, ತೆರೆದು ತೋರಿಸಿ, ಮತ್ತೆ ಮುಚ್ಚಿ ಕೊಟ್ಟಳು.

"ಹೇಳ್ಲಾ?"

"ಬೇಡ," ಎಂದೆ.

ಫೆಬ್ರವರಿ ೧೪, ಶುಕ್ರವಾರ

ತೆರೆಯಲಿಲ್ಲ.

ಫೆಬ್ರವರಿ ೧೬, ಭಾನುವಾರ

ಇಂದು ಆದದ್ದು ಆಟದ ಮಾತಲ್ಲ.

ಕಟ್ಟಡದ ತಾರಸಿಗೆ ಕಾರ್ಯದರ್ಶಿಗಳು ಬೀಗ ಹಾಕಿಸಿ ಎರಡು ವರ್ಷವಾಯಿತು. ಬಾಗಿಲ ಮೇಲೆ ಅವರದೇ ನೋಟಿಸು: 'ಮಕ್ಕಳಿಗೆ ಪ್ರವೇಶವಿಲ್ಲ.' ಮಕ್ಕಳು ಅವರನ್ನು ನೋಟಿಸ್ ಮಾವ ಎಂದೇ ಕರೆಯುತ್ತಾರೆ. ಸಂಜೆ ಐದಕ್ಕೆ ಗುಬ್ಬಿ ಎಲ್ಲಿಯೂ ಕಾಣಲಿಲ್ಲ. ಹುಡುಕುತ್ತ ಮೇಲೆ ಹೋದರೆ ತಾರಸಿಯ ಬಾಗಿಲು ತೆರೆದಿದೆ, ಇಬ್ಬರೂ ನಡುವೆ ಕುಂಟಾಬಿಲ್ಲೆ ಆಡುತ್ತಿದ್ದಾರೆ. ಅಲ್ಲಿಯ ಮೋಟುಗೋಡೆ ನನ್ನ ಮೊಣಕಾಲಿಗೂ ಬರುವುದಿಲ್ಲ.

ಮರಳಿನಲ್ಲಿ ತಾರಸಿಯ ಬೀಗದ ಕೈ ಸಿಕ್ಕಿತಂತೆ. ನೀಲಿ ದಾರ ಕಟ್ಟಿದ್ದು.

ನಾನು ಕೂಗಾಡಿದೆ. ಚಿನಕುರಳಿ ಅತ್ತಳು. ಗುಬ್ಬಿ ಅಳಲಿಲ್ಲ. "ಬೀಳಲ್ಲಕ್ಕಾ, ಸುತ್ತ ನೋಡು" ಎಂದಳು. ನೋಡಿದೆ: ಮೋಟುಗೋಡೆಯ ಉದ್ದಕ್ಕೂ ನನ್ನ ಎದೆಯೆತ್ತರಕ್ಕೆ ಹೊಸ ತಂತಿಬಲೆ ಬಿಗಿದಿದೆ, ಪ್ರತಿ ಗೇಣಿಗೊಂದು ಗಂಟು, ಗಂಟಿನ ತುದಿಗಳನ್ನೆಲ್ಲ ಕೈಗೆ ತಾಗದಂತೆ ಒಳಕ್ಕೆ ಮಡಿಸಿದೆ. ಕಾರ್ಯದರ್ಶಿಗಳ ಮುಂದಾಲೋಚನೆ ದೊಡ್ಡದು. ಅದಿರದಿದ್ದರೆ ಆ ಮನುಷ್ಯನ ಕೃತ್ಯ ಎಲ್ಲಿಗೆ ಮುಟ್ಟುತ್ತಿತ್ತೋ!

ತಾರಸಿಯ ಬೀಗದ ಕೈ ಆತನ ಬಳಿ ಇರಬಹುದಾದರೆ ಹನ್ನೆರಡು ಮನೆಗಳ ಬೀಗದ ಕೈಗಳೂ ಇರಬಹುದು. ಸಂಘಕ್ಕೆ ಅರ್ಜಿ ಬರೆಯುತ್ತೇನೆ.

ಫೆಬ್ರವರಿ ೧೮, ಮಂಗಳವಾರ

ಅರ್ಜಿ ಮುಗಿಯಿತು. ಮೂರು ಪುಟ, ಐದು ಸಾಕ್ಷ್ಯ, ಒಂದು ಕೋರಿಕೆ: 'ಸದರಿ ವ್ಯಕ್ತಿಯು ಮೂರನೆಯ ಮಹಡಿಯ ಕೊನೆಯ ಮನೆಯನ್ನು ತೆರವು ಮಾಡುವಂತೆ ಸಂಘವು ಕ್ರಮ ಜರುಗಿಸತಕ್ಕದ್ದು.' ಓದಿ ನೋಡಿದೆ. ಒಂದು ಪದವನ್ನೂ ಅಲ್ಲಾಡಿಸುವಂತಿಲ್ಲ. ಬರುವ ಭಾನುವಾರ ಸಂಘದ ಸಭೆ.

ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಟೈಲರಕ್ಕ ಹೊಲಿಗೆಯಂತ್ರ ನಿಲ್ಲಿಸದೆಯೇ ಕೇಳಿದಳು.

"ಪಾಪ, ಅವರು ಯಾರಿಗೇನು ಮಾಡಿದ್ದಾರೇ?"

"ಮಾಡಿದ ಮೇಲೆ ಅರ್ಜಿ ಕೊಟ್ಟು ಏನು ಪ್ರಯೋಜನ ಅಕ್ಕಾ? ನಿಮ್ಮ ಮಗಳೂ ತಾರಸಿ ಮೇಲಿದ್ದಳು."

ಅವಳ ಕಾಲು ನಿಂತಿತು. ಸಹಿ ಹಾಕಿದಳು. ಕೆಳಮನೆಯ ಬೇಕರಿಯವರು ಹಿಟ್ಟಿನ ಕೈಯಲ್ಲೇ ಸಹಿ ಹಾಕಿ, "ಓದೋಕೆ ಚೆನ್ನಾಗಿದೆ ಮಗಳೇ, ಭಯ ಆಗೋ ಹಾಗಿದೆ" ಎಂದರು. ಕಾರ್ಯದರ್ಶಿಗಳು, "ಇಂಥ ಕನ್ನಡ ಬರೆಯೋರು ಈಗೆಲ್ಲಿದ್ದಾರೆ!" ಎಂದರು. ಹತ್ತು ಮನೆಗಳ ಸಹಿಯಾಯಿತು. ನಮ್ಮ ಮನೆಯದು ಮಾತ್ರ ಬಾಕಿ. ಅಮ್ಮ ಅರ್ಜಿಯನ್ನು ಪೂರ್ತಿ ಓದಿ, ಮಡಿಸಿ, ನನ್ನ ಕೈಗೇ ಕೊಟ್ಟಳು. "ನಾನು ಹಾಕಲ್ಲ." ಕಾರಣ ಹೇಳಲಿಲ್ಲ, ಪಾಳಿಗೆ ಹೊತ್ತಾಯಿತೆಂದು ಹೋದಳು.

ಗುಬ್ಬಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಓದಿಗೆ ಅನುಕೂಲವೇ ಆಯಿತು.

ಫೆಬ್ರವರಿ ೨೦, ಗುರುವಾರ

ತನಿಖೆಯ ಅಂಗವಾಗಿ ಬಕೆಟ್ಟಿನ ಮರಳನ್ನು ನಾನೇ ಕೆದಕಿ ನೋಡಿದೆ. ಮೊಣಕೈಯವರೆಗೂ. ಏನೂ ಇರಲಿಲ್ಲ. ಇರಬಹುದೆಂದು ನಿರೀಕ್ಷಿಸಿದ್ದೆನೆಂದಲ್ಲ. ಈ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ, ನನ್ನ ಬಾಲ್ಯದಲ್ಲಿ ಆ ಬಕೆಟ್ಟಿನಲ್ಲಿ ಮರಳಲ್ಲದೆ ಬೇರೇನೂ ಇದ್ದದ್ದು ನೆನಪಿಲ್ಲ. ಇದು ದೂರಲ್ಲ, ವಸ್ತುಸ್ಥಿತಿ.

ಆರೂವರೆಗೆ ಕಿರ್. ಎಂಟು ಎಣಿಸುವಷ್ಟರಲ್ಲಿ ಕಿರ್.

ಫೆಬ್ರವರಿ ೨೧, ಶುಕ್ರವಾರ

ಇಂದು ಅಮ್ಮನಿಗೆ ರಜೆ. ಬೆಳಿಗ್ಗೆ ಬಟ್ಟೆ ಮಡಿಸುತ್ತ ಕುಳಿತಿದ್ದವಳು, ನಾನು ಕೇಳದೆಯೇ ಮಾತು ತೆಗೆದಳು. ಕೇಳಿದಂತೆಯೇ ಬರೆದಿಡುತ್ತೇನೆ.

"ನಿನಗೆ ಎರಡು ವರ್ಷ. ನಾನು ಬಟ್ಟೆ ಒಣಗಿಸೋಕೆ ಹೊರಗೆ ಬಂದೆ, ನೀನು ಒಳಗಿಂದ ಚಿಲಕ ಹಾಕ್ಕೊಂಡುಬಿಟ್ಟೆ. ಒಲೆ ಮೇಲೆ ನೀರು ಕುದೀತಿತ್ತು. ನೀನು ಒಲೆ ಹತ್ರ ಆಡ್ತಿರೋ ಸದ್ದು ನಂಗೆ ಕೇಳ್ತಿತ್ತು. ನಾನು ಕಿರುಚಿದ್ದಕ್ಕೆ ಕಟ್ಟಡಕ್ಕೆ ಕಟ್ಟಡವೇ ಬಂತು, ಬಾಗಿಲು ಒದ್ದರು, ಅಲ್ಲಾಡಲಿಲ್ಲ. ಮೇಲಿಂದ ಅವರು ಬಂದ್ರು. ಒಂದು ತಂತಿ, ಬಾಗಿಲ ಸಂದಿ, ಅಷ್ಟೇ. ನಾನು ಉಸಿರು ಬಿಡೋದರೊಳಗೆ ಬಾಗಿಲು ತೆಗೆದಿತ್ತು. ನಿನ್ನನ್ನ ಎತ್ತಿ ನನ್ನ ಕೈಗೆ ಕೊಟ್ಟು ಸುಮ್ಮನೆ ಮೇಲೆ ಹೋದ್ರು."

"ನನಗ್ಯಾಕೆ ಯಾವತ್ತೂ ಹೇಳಲಿಲ್ಲ?"

"ಮುಂದಿನದ್ದೂ ಹೇಳಬೇಕಾಗತ್ತೆ ಅಂತ. ಎರಡು ತಿಂಗಳಾದ ಮೇಲೆ ಪಕ್ಕದ ಬೀದೀಲಿ ಮನೆ ಕಳ್ಳತನ ಆಯ್ತು. ಬೀಗ ಒಡೆದಿರಲಿಲ್ಲ, ತೆಗೆದಿದ್ರು. ಪೊಲೀಸರು ಬಂದು ಕೇಳಿದಾಗ ನಮ್ಮ ಕಟ್ಟಡದೋರೇ ಹೇಳಿದ್ರು, ಮೇಲಿನವರು ಒಂದು ತಂತೀಲಿ ಬಾಗಿಲು ತೆಗೀತಾರೆ, ನಾವೇ ಕಣ್ಣಾರೆ ನೋಡಿದ್ದೀವಿ ಅಂತ. ನಿನ್ನ ಬಾಗಿಲನ್ನೇ ಸಾಕ್ಷಿ ಮಾಡಿದ್ರು. ಹನ್ನೊಂದು ದಿನ ಒಳಗಿಟ್ಟರು. ಕಳ್ಳ ಬೇರೆಲ್ಲೋ ಸಿಕ್ಕಿದ. ಇವರು ವಾಪಸ್ ಬಂದು ಅಂಗಡಿ ಮುಚ್ಚಿದ್ರು, ಬಾಗಿಲೂ ಮುಚ್ಚಿದ್ರು."

ಅವಳು ನನ್ನ ಸಲ್ವಾರಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನಾನು ಠಾಣೆಗೆ ಹೋಗಿ, ಯಾಕೆ ತೆಗೆದ್ರು ಅಂತ ಹೇಳಬಹುದಿತ್ತು. ನಿಮ್ಮಪ್ಪ ಬೇಡ ಅಂದ್ರು. ಬೇಡ ಅಂದಿದ್ದು ನಂಗೂ ಸರಿಹೋಯ್ತು. ಹೋಗಲಿಲ್ಲ."

ಇದು ಇಪ್ಪತ್ತು ವರ್ಷ ಹಿಂದಿನ ಘಟನೆ. ಪ್ರಸ್ತುತ ಅರ್ಜಿಗೂ ಇದಕ್ಕೂ ಕಾನೂನಿನ ದೃಷ್ಟಿಯಿಂದ ಸಂಬಂಧವಿಲ್ಲ. ಅವರು ಹಿಂದೆ ಒಳ್ಳೆಯದನ್ನು ಮಾಡಿದ್ದರೆ ಈಗ ತಾರಸಿಯ ಬೀಗದ ಕೈ ಕೊಟ್ಟದ್ದು ಸರಿಯಾಗುವುದಿಲ್ಲ.

ಮೂರು ಸಲ ಓದಿದ ಪುಟದಲ್ಲಿ ಏನಿತ್ತೆಂದು ಈಗ ನೆನಪಾಗುತ್ತಿಲ್ಲ.

ಫೆಬ್ರವರಿ ೨೨, ಶನಿವಾರ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಕುತ್ತಿಗೆಯ ಬೀಗದ ಕೈ ಹೊರಗೆ ಜಾರಿತು. ನಾಲ್ಕು ದಿನಗಳಿಂದ ಮಾತಾಡದ ಗುಬ್ಬಿ ಎದ್ದು ಬಂದು ದಾರವನ್ನು ಹಿಡಿದುಕೊಂಡಳು.

"ಅಕ್ಕಾ, ನಿಂಗೂ ಕೊಟ್ಟಿದ್ದಾನಾ? ನಮಗ್ಯಾಕೆ ಹೇಳಲಿಲ್ಲ?"

"ಇದು ಕಾರ್ಯದರ್ಶಿಗಳು ಕೊಟ್ಟಿದ್ದು."

"ಇಲ್ಲ. ಅವನು ಹಾಕೋ ಮೂರು ಗಂಟು ನೋಡು."

ನೋಡಿದೆ. ತಗಡಿನ ಪೆಟ್ಟಿಗೆಯ ಬೀಗದ ಕೈಯನ್ನೂ ತಂದು ಪಕ್ಕದಲ್ಲಿಟ್ಟು ನೋಡಿದೆ.

ಕಾರ್ಯದರ್ಶಿಗಳು ಚಹಾ ಕುಡಿಯುತ್ತಿದ್ದರು. ಕೆಳಗಿನ ಕೋಣೆಯ ಬೀಗದ ಕೈಯನ್ನು ತಾವು ಯಾವ ಗೊಂಚಲಿನಿಂದ ತೆಗೆದಿರೆಂದು ಕೇಳಿದೆ.

"ಆ ರೂಮಿಂದಾ? ಅದರ ಕೀ ಕಳೆದು ಆರು ವರ್ಷ ಆಯ್ತಲ್ಲಮ್ಮಾ. ನೀನೇ ಯಾರನ್ನೋ ಕರೆಸಿ ತೆಗೆಸಿಕೊಂಡು, ಮರ್ಯಾದೆಗೆ ನನ್ನ ಹೆಸರಿಗೆ ಕಾಗದ ಬರೆದಿದ್ದೀಯ ಅಂದ್ಕೊಂಡೆ. ಬುದ್ಧಿವಂತೆ ಹುಡುಗಿ."

"ತಾರಸಿಯ ತಂತಿಬಲೆ?"

"ಯಾವ ತಂತಿಬಲೆ?"

ಸಭೆ ನಾಳೆ ಹನ್ನೊಂದಕ್ಕೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ; ಗುಬ್ಬಿಯ ಮಾತನ್ನು ಯಾರು ಕೇಳುತ್ತಾರೆ? ಹೇಳಿದರೆ ಕೋಣೆಗೆ ಬೀಗ ಬೀಳುತ್ತದೆ, ಪರೀಕ್ಷೆಗೆ ಹದಿನೈದು ದಿನ ಇರುವಾಗ. ಅದಲ್ಲದೆ, ಹೇಳಿದರೆ ಮೂರನೆಯ ಮಹಡಿಯವರ ಮೇಲಿನ ಆರೋಪಕ್ಕೆ ಇನ್ನೊಂದು ಬಾಗಿಲು ಸೇರುತ್ತದೆ. ಆರನೆಯ ಸಾಕ್ಷ್ಯವನ್ನು ನಾನೇ ಒದಗಿಸಿದಂತಾಗುತ್ತದೆ. ಅರ್ಜಿಯನ್ನು ತೆಗೆದು ಓದಿದೆ. ಬಿರುಕೆಲ್ಲಿದೆ ಎಂದು ಹುಡುಕಿದೆ. ತುಂಬ ಚೆನ್ನಾಗಿ ಬರೆದಿದ್ದೇನೆ.

ಫೆಬ್ರವರಿ ೨೩, ಭಾನುವಾರ

ಸಭೆ ಮೆಟ್ಟಿಲ ಬುಡದಲ್ಲಿ ನಡೆಯಿತು. ಕುರ್ಚಿ ಸಾಲದೆ ಹಲವರು ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ಮೂರನೆಯ ಮಹಡಿಯವರನ್ನೂ ಕರೆದಿದ್ದರು; ಬಂದಿರಲಿಲ್ಲ. ಕಾರ್ಯದರ್ಶಿಗಳು ನನ್ನ ಅರ್ಜಿಯನ್ನು ಎಲ್ಲರಿಗೂ ಓದಿ ಹೇಳಿದರು. ನನ್ನ ವಾಕ್ಯಗಳು ಅವರ ಬಾಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೇಳಿದವು. ಮುಗಿಸಿ, "ನಮ್ಮ ಕಟ್ಟಡದ ಹೆಮ್ಮೆ ಈ ಹುಡುಗಿ" ಎಂದರು. ಕೆಲವರು ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ಹೇಳಬೇಕಾದದ್ದನ್ನು ಬರೆದುಕೊಂಡು ಹೋಗಿದ್ದೆ. ಕಾಗದ ಕೈಯಲ್ಲೇ ಉಳಿಯಿತು.

"ಅರ್ಜೀಲಿ ಒಂದು ಬಾಗಿಲು ಬಿಟ್ಟುಹೋಗಿದೆ," ಎಂದೆ. ಕುತ್ತಿಗೆಯಿಂದ ಬೀಗದ ಕೈ ತೆಗೆದು ಎತ್ತಿ ಹಿಡಿದೆ. "ಈ ಕೋಣೆಯದ್ದು. ಇದನ್ನ ತೆಗೆದು, ಗುಡಿಸಿ, ಮೇಜು ಹಾಕಿ, ಬಲ್ಬು ಹಾಕಿ ಕೊಟ್ಟೋರು ಮೇಲಿನವರು. ಮೂರು ವಾರದಿಂದ ನಾನು ಇದರೊಳಗೆ ಕೂತು ಅವರ ಮೇಲೆ ಅರ್ಜಿ ಬರೆದೆ."

ಬೇಕರಿಯವರು ಗಂಟಲು ಸರಿಮಾಡಿಕೊಂಡರು.

"ಅಲ್ಲ ಕಾರ್ಯದರ್ಶಿಗಳೇ, ಥ್ಯಾಂಕ್ಸ್ ಕಾಗದ ಬಂತು ಅಂತ ನನ್ನ ಅಂಗಡೀಲಿ ನಿಂತು ಓದಿ ಹೇಳಿದ್ರಲ್ಲ? ಎರಡು ಪುಟ! ಎರಡನೇ ಪುಟಕ್ಕೆ ಕಣ್ಣೂ ಒರೆಸಿಕೊಂಡ್ರಿ."

"ಹುಡುಗಿ ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನೋಕಾಗತ್ತೇನ್ರೀ?"

ನಗು ಎದ್ದಿತು. ಕಾರ್ಯದರ್ಶಿಗಳ ಮುಖ ಕೆಂಪಾಯಿತು. "ನಗೋ ವಿಷಯ ಅಲ್ಲ ಇದು! ಹುಡುಗಿ ಹೇಳ್ತಿರೋದು ಏನು? ಬೀಗ ಹಾಕಿದ ಇನ್ನೊಂದು ಬಾಗಿಲನ್ನೂ ಆ ಮನುಷ್ಯ ತೆಗೆದಿದ್ದಾರೆ. ಆರೋಪ ಗಟ್ಟಿ ಆಯ್ತೋ ಇಲ್ವೋ?"

ಇದೇ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಉತ್ತರವನ್ನೂ ಬರೆದುಕೊಂಡಿದ್ದೆ, ಎರಡು ಉಪವಾಕ್ಯಗಳ ಸೊಗಸಾದ ಉತ್ತರ. ಬಾಯಿಗೆ ಬಂದದ್ದು ಬೇರೆ.

"ಹೌದು, ಗಟ್ಟಿ ಆಯ್ತು. ತೆಗೆದಿದ್ದು ತಪ್ಪಾದ್ರೆ, ಒಳಗೆ ಹೋಗಿ ಕೂತಿದ್ದೂ ತಪ್ಪು. ನನ್ನ ಹೆಸರನ್ನ ಅವರ ಹೆಸರಿಗಿಂತ ಮೇಲೆ ಬರೀರಿ. ಮನೆ ಖಾಲಿ ಮಾಡಿಸೋದಾದ್ರೆ ನಮ್ಮದೂ ಮಾಡಿಸಿ. ತಾರಸಿಗೆ ತಂತಿಬಲೆ ಹಾಕಿದ್ದೂ ಅವರೇ. ನೀವು ನೋಟಿಸ್ ಹಾಕಿದ್ರಿ, ಅವರು ಬಲೆ ಹಾಕಿದ್ರು. ನಾನು ಅದನ್ನೂ ನಿಮ್ಮ ಲೆಕ್ಕಕ್ಕೆ ಬರೆದೆ. ಒಳ್ಳೇದೆಲ್ಲ ನಿಮ್ಮದು, ಕೆಟ್ಟದ್ದೆಲ್ಲ ಅವರದು ಅಂತ, ನೋಡದೆ, ಕೇಳದೆ..."

ವಾಕ್ಯ ಅಪೂರ್ಣವಾಗಿಯೇ ಉಳಿಯಿತು. ಇಷ್ಟು ಜನರ ಎದುರು ನನಗೆ ಹೀಗಾದದ್ದು ಇದೇ ಮೊದಲು.

ಹಿಂದಿನಿಂದ ಅಮ್ಮ ಎದ್ದಳು. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು. "ಇವಳನ್ನ ಒಲೆ ಹತ್ರದಿಂದ ಎತ್ತಿ ಕೊಟ್ಟಿದ್ದೂ ಅವರೇ. ಇಲ್ಲಿರೋ ಹಳಬರಿಗೆಲ್ಲ ಗೊತ್ತು. ಅವತ್ತು ನಾನು ಬಾಯಿ ಬಿಡಬೇಕಿತ್ತು. ಇಪ್ಪತ್ತು ವರ್ಷ ತಡ ಆಯ್ತು." ಕುಳಿತುಕೊಂಡಳು. ಇಬ್ಬರು ಮೂವರು ಹಳಬರು ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು.

ಆಗ ಮೇಲೆ ಕಿರ್ರೆಂದಿತು.

ಎಲ್ಲರೂ ಕತ್ತೆತ್ತಿದರು. ಹೆಜ್ಜೆಯ ಸದ್ದಿಲ್ಲ. ಕಟಕಟೆಯ ಸಂದಿಯಲ್ಲಿ ಕಾಣುತ್ತಿದ್ದದ್ದು ಕಂಬಿ ಹಿಡಿದ ಒಂದು ಕೈ ಮಾತ್ರ. ಬೆರಳ ಗೆಣ್ಣುಗಳು ದಪ್ಪ, ಉಗುರಿನ ಸುತ್ತ ಕಪ್ಪು. ಗುಬ್ಬಿ ಪಿಸುಮಾತಿನಲ್ಲಿ, "ಅದೇ ಕೈ" ಎಂದಳು. ನಾನು ಎಣಿಸುತ್ತಿದ್ದೆ. ಎಂಟಾಯಿತು, ಇಪ್ಪತ್ತಾಯಿತು. ಟೈಲರಕ್ಕ ಮುಂದೆ ಬಂದು ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದಳು. "ಹರಿದಿದ್ದನ್ನ ಹೊಲಿಯೋಳು ನಾನು, ಹರಿಯೋಳಲ್ಲ. ನನ್ನ ಮಗಳು ತಾರಸಿ ಮೇಲಿದ್ದಳು ಅಂತ ಹೆದರಿ ಹಾಕಿಬಿಟ್ಟೆ." ಬೇಕರಿಯವರು ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಅರವತ್ತು ಎಣಿಸುವ ಹೊತ್ತಿಗೆ ಏಳು ಸಹಿಗಳು ಹೋಗಿದ್ದವು. ಆಮೇಲೆ ಕೈ ಸರಿಯಿತು. ಕಿರ್.

ಅರ್ಜಿ ಬಿದ್ದುಹೋಯಿತು. ಆದರೆ ಸಂಘದ ಅನುಮತಿಯಿಲ್ಲದೆ ತೆರೆದ ಕೋಣೆಗೆ ಹೊಸ ಬೀಗ ಹಾಕಲಾಗುವುದೆಂದು ಕಾರ್ಯದರ್ಶಿಗಳು ಸಂಜೆಯೇ ನೋಟಿಸು ಅಂಟಿಸಿದರು. ಅದನ್ನು ನಾನು ಪ್ರಶ್ನಿಸಬಹುದಿತ್ತು. ಪ್ರಶ್ನಿಸಲಿಲ್ಲ. ಪುಸ್ತಕಗಳನ್ನು ಮೇಲೆ ಸಾಗಿಸಲು ಗುಬ್ಬಿ, ಚಿನಕುರಳಿ ಇಬ್ಬರೂ ಬಂದರು.

ಮಾರ್ಚ್ ೮, ಶನಿವಾರ

ಸೋಮವಾರ ಮೊದಲ ಪತ್ರಿಕೆ. ಹಗಲು ಅಮ್ಮನ ಆಸ್ಪತ್ರೆಯಲ್ಲಿ, ರೋಗಿಗಳ ಕಡೆಯವರು ಕೂರುವ ಬೆಂಚಿನಲ್ಲಿ ಓದುತ್ತೇನೆ. ಪಕ್ಕದಲ್ಲಿ ಕುಳಿತವರು ಮಾತಾಡಿಸಿದರೆ ಉತ್ತರಿಸುತ್ತೇನೆ. ಸಂಜೆ ಮತ್ತೆ ಮೆಟ್ಟಿಲು.

ಬಕೆಟ್ಟಿನಲ್ಲಿ ಏನೂ ಬಂದಿಲ್ಲ. ಮಕ್ಕಳು ದಿನಕ್ಕೆ ಎರಡು ಸಲ ನೋಡುತ್ತಾರೆ. ನಾನು ಒಂದು ಸಲ.

ಇಂದು ಗುಬ್ಬಿಯ ಮುಂದೆ ಚೌಕ ಬೀಗವನ್ನಿಟ್ಟು, "ಹೇಳಿಕೊಡು" ಎಂದೆ. ಅವಳು ನನ್ನನ್ನು ಜ್ವರ ಬಂದವರನ್ನು ನೋಡುವಂತೆ ನೋಡಿದಳು. ಗುಬುಟುಗಳಿಗೆ ಏನೂ ಕೆಲಸವಿಲ್ಲವಂತೆ. ಬೀಗದ ಕೈ ಹಾಕಿ ತಿರುಗಿಸುವ ಮೊದಲು ಬೀಗವನ್ನು ತಲೆಕೆಳಗು ಹಿಡಿದು ಸುಮ್ಮನೆ ಸ್ವಲ್ಪ ಹೊತ್ತು ಕಾಯಬೇಕು. ಒಳಗಿನ ಗುಂಡು ತಾನಾಗಿ ಜಾರುತ್ತದೆ.

"ಅಷ್ಟೇನಾ?"

"ಅಷ್ಟೇ. ನೀನು ಕಾಯಲ್ಲ ಅಲ್ವಾ, ಅದಕ್ಕೇ."

ಏಪ್ರಿಲ್ ೧೭, ಗುರುವಾರ

ಫಲಿತಾಂಶ ಬಂತು. ಎರಡನೆಯವಳು. ಮೂರು ಅಂಕಗಳ ಅಂತರ.

ಅಮ್ಮ ತಲೆ ಸವರಿದಳು. ಅಪ್ಪ ಎಲ್ಲಿಂದಲೋ ಫೋನು ಮಾಡಿ, "ಎರಡು ಅಂದ್ರೆ ಒಂದಕ್ಕಿಂತ ಜಾಸ್ತಿ ತಾನೇ?" ಎಂದು ತಾವೇ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ, ಗುಬ್ಬಿ ಹಾಗೆನ್ನುತ್ತಾಳೆ.

ಹಿತ್ತಾಳೆಯ ಬೀಗವನ್ನು ಅವಳಿಗೆ ಹಿಂತಿರುಗಿಸಿದೆ. ತಗಡಿನ ಪೆಟ್ಟಿಗೆಗೆ ಈಗ ಬೀಗವಿಲ್ಲ. ಓದಿದರೆ ಓದಲಿ.

ಮಧ್ಯಾಹ್ನ ಒಂದು ಪತ್ರ ಬರೆದೆ. ಮೊದಲ ಕರಡು ಎರಡು ಪುಟವಾಯಿತು; ಹರಿದೆ. ಉಳಿದದ್ದು ಇಷ್ಟು:

'ಅಜ್ಜಾ, ನಾನು ಎರಡನೆಯವಳಾಗಿ ಪಾಸಾದೆ. ನಿಮಗೆ ಹೇಳಬೇಕೆನಿಸಿತು. ಮೇಜು ಒಂದಿಷ್ಟೂ ಅಲುಗುತ್ತಿರಲಿಲ್ಲ.'

ಈಗ ಯಾವ ಬಾಗಿಲನ್ನೂ ತೆರೆಯದ, ಕೋಣೆಯ ಆ ಬೀಗದ ಕೈಯನ್ನು ಪತ್ರದೊಳಗೆ ಮಡಿಸಿ, ನೀಲಿ ದಾರವನ್ನು ಅದರ ಸುತ್ತ ಕಟ್ಟಿದೆ. ಮೂರು ಗಂಟು ಹಾಕಲು ನಾಲ್ಕು ಸಲ ಪ್ರಯತ್ನಿಸಬೇಕಾಯಿತು. ಮರಳಿನಲ್ಲಿ ಮೊಣಕೈಯವರೆಗೂ ಕೈ ಇಳಿಸಿ ಹೂತಿಟ್ಟೆ.

ಏಪ್ರಿಲ್ ೧೮, ಶುಕ್ರವಾರ

ಬೆಳಿಗ್ಗೆ ಪತ್ರವಿರಲಿಲ್ಲ. ಅದರ ಬದಲಿಗೆ ಬೇರೇನೂ ಇರಲಿಲ್ಲ. ಮರಳನ್ನು ಅಂಗೈಯಿಂದ ಸವರಿ ಸಮಮಾಡಲಾಗಿತ್ತು. ಮಕ್ಕಳಿಗೆ ಹೇಳಲಿಲ್ಲ.

ಸಂಜೆ ಎಂದಿನಂತೆ ಮೆಟ್ಟಿಲ ಮೇಲೆ ಕುಳಿತೆ. ಓದುವುದೇನೂ ಇರಲಿಲ್ಲ, ಸುಮ್ಮನೆ ಕುಳಿತೆ. ಆರೂವರೆಗೆ ಕಿರ್. ಎಣಿಸಿದೆ. ಎಂಟು. ಅರವತ್ತು. ಆಮೇಲೆ ಎಣಿಕೆ ತಪ್ಪಿತು. ಗುಬ್ಬಿ ಊಟಕ್ಕೆ ಕರೆದಳು, ಬಂದೆ ಎಂದೆ, ಏಳಲಿಲ್ಲ.

ಮುಚ್ಚಿದ ಸದ್ದು ಇನ್ನೂ ಕೇಳಿಲ್ಲ.